ತಂಪು ಮನೆಗೆ ಎರಡು ಬಾಗಿಲು

ನಮ್ಮ ಸಂಘಕ್ಕೆ ನೀವೇ ಅಧ್ಯಕ್ಷರಾಗಬೇಕು ಎಂದು ಯಾರಾದರೂ ನಗುನಗುತ್ತ ಬಂದರೆ ಮೊದಲು ಅವರ ಬೆನ್ನ ಹಿಂದೆ ಇಣುಕಿ ನೋಡಿ. ಅಲ್ಲಿ ಇಬ್ಬರು ಮುಖ ತಿರುಗಿಸಿಕೊಂಡು ನಿಂತಿರುತ್ತಾರೆ. ಅವರಲ್ಲಿ ಒಬ್ಬ ಅಧ್ಯಕ್ಷನಾದರೆ ಇನ್ನೊಬ್ಬ ಊಟ ಬಿಡುತ್ತಾನೆಂಬ ಭಯಕ್ಕೆ ನಿಮ್ಮನ್ನು ಹುಡುಕಿಕೊಂಡು ಬಂದಿರುತ್ತಾರೆ. ನಿಮ್ಮ ಯೋಗ್ಯತೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಈ ಜ್ಞಾನ ನನಗೆ ಎಂಬತ್ತರ ದಶಕದಲ್ಲಿ, ರಾಯಚೂರಿನ ಕಾಲೇಜಿನಲ್ಲಿ ಓದುವಾಗ ಬಂತು. ಬರುವ ಹೊತ್ತಿಗೆ ನಾನು ಆಗಲೇ ಅಧ್ಯಕ್ಷಳಾಗಿದ್ದೆ.

ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ಸಮಾಜಕ್ಕೆ ಉಪಯೋಗವಾಗುವಂಥದ್ದು ಏನಾದರೂ ಮಾಡಬೇಕು ಎಂದು ವಿಶ್ವವಿದ್ಯಾಲಯದವರಿಗೆ ಆಗ ಹೊಳೆದಿತ್ತು. ನಮ್ಮದು ತಂಪು ಮನೆ ಸಂಘ. ಸಿಮೆಂಟಿನ ಹಂಗಿಲ್ಲದೆ, ಫ್ಯಾನಿನ ಗೊಡವೆಯಿಲ್ಲದೆ, ಇಲ್ಲಿಯ ಕಲ್ಲು ಇಲ್ಲಿಯ ಮಣ್ಣಿನಲ್ಲೇ ಬಿಸಿಲು ತಡೆಯುವ ಮನೆ ಕಟ್ಟಿ ತೋರಿಸುವುದು ನಮ್ಮ ಗುರಿ. ರಾಯಚೂರಿಗೆ ಬೇಸಿಗೆ ಬರುವುದಿಲ್ಲ. ಅದು ಇಲ್ಲಿಯೇ ಇರುತ್ತದೆ, ಉಳಿದ ಕಾಲಗಳು ಬಂದು ಮಾತಾಡಿಸಿಕೊಂಡು ಹೋಗುತ್ತವೆ. ಕೋಟೆಯ ಹತ್ತಿರದ ನಿಜಾಮರ ಕಾಲದ ಮನೆಗಳಲ್ಲಿ ಗೋಡೆ ಎಷ್ಟು ದಪ್ಪವೆಂದರೆ, ನಮ್ಮ ಸೋದರಮಾವ ಕಿಟಕಿಯ ದಪ್ಪದಲ್ಲೇ ಕಾಲು ಚಾಚಿ ಮಲಗುತ್ತಿದ್ದ. ನನ್ನ ವಾಸ್ತುಜ್ಞಾನ ಅಷ್ಟೇ. ಅದನ್ನೇ ಭಾಷಣದಲ್ಲಿ ಹಿಗ್ಗಿಸಿ ಹೇಳುತ್ತಿದ್ದೆ.

ಸಂಘದಲ್ಲಿ ಮುಖ ತಿರುಗಿಸಿಕೊಂಡ ಆ ಇಬ್ಬರೂ ಇದ್ದರು. ಮಾನ್ವಿಯ ಅಮರೇಶ ಅಕ್ಕಿ ಗಿರಣಿಯವರ ಮಗ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆದದ್ದರಿಂದ ಪಿಸುಮಾತೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ದೇವದುರ್ಗ ತಾಲೂಕಿನ ಮಸರಕಲ್ಲಿನ ಹುಲಿಗೆಪ್ಪ ತಣ್ಣಗೆ ಮಾತಾಡುವವನು, ಆದರೆ ಹಿಡಿದದ್ದು ಬಿಡುವವನಲ್ಲ. ಊರವರ ಮನೆಗಳಿಗೆ ಕಲ್ಲು ಮಣ್ಣು ಹೊತ್ತ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ಅವನು. ಇಬ್ಬರ ನಡುವೆ ರಾಯಚೂರಿನವಳಾದ ನಾನು. ದೇವತೆಗಳೂ ರಾಕ್ಷಸರೂ ಕಡಲು ಕಡೆದಾಗ ನಡುವೆ ನಿಂತ ಬೆಟ್ಟವನ್ನು ಯಾರೂ ಅಭಿಪ್ರಾಯ ಕೇಳಿರಲಿಕ್ಕಿಲ್ಲ. ಗರಗರ ತಿರುಗುವುದಷ್ಟೇ ಅದರ ಅಧ್ಯಕ್ಷತೆ.

ಕಟ್ಟುವುದಕ್ಕೆ ನಮಗೆ ಸಿಕ್ಕದ್ದು ಕಾಲೇಜಿನ ಗೇಟಿನ ಪಕ್ಕದ ಕಾವಲುಗಾರರ ಕೋಣೆ. ಅಲ್ಲಿದ್ದವರು ಖಾಸಿಂ ಚಾಚಾ. ತಗಡಿನ ಶೆಡ್ಡು, ಅದರೊಳಗೆ ಮಲಗಲು ಹಗ್ಗ ಹೆಣೆದ ಒಂದು ಹೊರಸು, ಒಂದು ಕೊಡ. ಅದೇ ಅವರ ಮನೆ. ಹಗಲು ಕಾವಲು ಅವರದು. ಶೆಡ್ಡು ಕಿತ್ತು ತಂಪು ಮನೆ ಕಟ್ಟಿಕೊಡುತ್ತೇವೆ ಎಂದರೆ ಕುಣಿದಾಡುತ್ತಾರೆ ಅಂದುಕೊಂಡಿದ್ದೆವು. ಅವರು ಎರಡೂ ಕೈ ಜೋಡಿಸಿಬಿಟ್ಟರು.

"ಬ್ಯಾಡ್ರಿ ಯವ್ವಾ. ಈ ತಗಡಿನ್ಯಾಗ ಕುಂತ್ರ ಕಣ್ಣು ಮುಚ್ಚಂಗಿಲ್ಲ. ಅದಕ್ಕೇ ನೌಕರಿ ಉಳದದ. ತಂಪು ಮಾಡಿದ್ರಂದ್ರ ನಾ ಮಲಗತೀನಿ. ಮಲಗಿದ್ದು ಕಂಡ್ರ ಮನಿಗಿ ಕಳಸ್ತೀನಂತ ಪ್ರಿನ್ಸಿಪಾಲ್ ಸಾಹೇಬ್ರು ಹೇಳ್ಯಾರ. ಪಿಂಚಣಿ ಬಾಜೂಕ ಬಂದದ್ರಿ."

ಒಬ್ಬ ಮನುಷ್ಯನ ಅನ್ನದ ಪ್ರಶ್ನೆ ಇದು ಎಂದು ನಾವು ಗಂಭೀರರಾಗಬೇಕಿತ್ತು. ನಮಗೆ ಆನಂದವಾಯಿತು. ಕಟ್ಟುವ ಮೊದಲೇ ಮನೆಯ ತಂಪಿನ ಮೇಲೆ ಇಷ್ಟು ನಂಬಿಕೆ ಇಟ್ಟವರನ್ನು ನಾವು ಕಂಡಿರಲಿಲ್ಲ. ಚಾಚಾ ಮಲಗದಂತೆ ನೋಡಿಕೊಳ್ಳಲು ಅಲ್ಲೇ ಒಂದು ಎಚ್ಚರ ಉಪಸಮಿತಿ ನೇಮಿಸಿ ಚಪ್ಪಾಳೆ ತಟ್ಟಿದೆವು.

ಆಮೇಲೆ ಬಾಗಿಲಿನ ಪ್ರಶ್ನೆ ಬಂತು.

"ಬಾಗಲಾ ಪೂರ್ವಕ್ಕೇ ಇರಬೇಕ್ರಿ. ನಮ್ಮ ಮಾನ್ವ್ಯಾಗ ಯಾರನ್ನರ ಕೇಳ್ರಿ" ಎಂದು ಅಮರೇಶ ಗುಡುಗಿದ.

"ಗಾಳಿ ಪಶ್ಚಿಮದಿಂದ ಬರತದ. ಮಾನ್ವಿಯವ್ರನ್ನ ಕೇಳಿ ಬರತದೇನು?" ಎಂದ ಹುಲಿಗೆಪ್ಪ.

ಸಭೆಗಳ ಮೇಲೆ ಸಭೆ ನಡೆದವು. ಗೋಡೆ ಏಳುವ ಮೊದಲು ಸಂಘವೇ ಬೀಳುವ ಲಕ್ಷಣ ಕಂಡಿತು. ಅಮರೇಶ ಮಾನ್ವಿಯಿಂದ ಅಜ್ಜಿಯನ್ನೇ ಸಾಕ್ಷಿಗೆ ಕರೆತರುತ್ತೇನೆಂದ. ಆ ಅಜ್ಜಿಯ ಧ್ವನಿಯೂ ಗಿರಣಿಯದೇ ಇರಬಹುದೆಂದು ಹೆದರಿ ನಾನು ಎದ್ದು ನಿಂತೆ. ಎರಡೂ ಕಡೆ ಬಾಗಿಲು ಇರಲಿ, ಎದುರುಬದುರಾಗಿ, ಎಂದು ತೀರ್ಪು ಕೊಟ್ಟೆ. ಇದಕ್ಕೆ ಸಮನ್ವಯ ಎಂದು ಹೆಸರಿಟ್ಟೆ. ದೊಡ್ಡ ಹೆಸರಿಟ್ಟರೆ ಎಂಥ ಪುಕ್ಕಲುತನಕ್ಕೂ ಮರ್ಯಾದೆ ಬರುತ್ತದೆ. "ಛಲೋ ಆತು, ಕಳ್ಳ ಈ ಕಡಿಂದ ಬಂದು ಆ ಕಡಿಂದ ಹೋಗಾಕ" ಎಂದು ಚಾಚಾ ತಲೆ ಕೊಡವಿದರು.

ಕಟ್ಟುವಾಗ ಮಣ್ಣಿನ ಬುಟ್ಟಿ ಹೊತ್ತವನು ಅಮರೇಶ. ಹುಲಿಗೆಪ್ಪ ಬುಟ್ಟಿ ಮುಟ್ಟಲಿಲ್ಲ. "ನಮ್ಮವ್ವ ಹೊತ್ತದ್ದೇ ಸಾಕು, ನಾ ಕಾರ್ಯದರ್ಶಿ ಅದೀನಿ" ಎಂದು ನೆರಳಲ್ಲಿ ಕುಳಿತು ಮೇಲ್ವಿಚಾರಣೆ ಮಾಡಿದ. ಗಿರಣಿಯ ಸಾಹುಕಾರರ ಮಗ ಮಾತಾಡದೆ ಹೊತ್ತ. ನನಗಂತೂ ಆ ನೋಟ ಬಹಳ ಖುಷಿ ಕೊಟ್ಟಿತು. ಕಲ್ಲುಮಣ್ಣಿನ ದಪ್ಪ ಗೋಡೆ ಎದ್ದಿತು, ಮೇಲೆ ತೊಲೆ ಕೂತವು, ತೊಲೆಯ ಮೇಲೆ ಮಣ್ಣಿನ ಮಾಳಿಗೆ ಬಂತು.

ಇನ್ನು ತಂಪಿನ ಮಾತು. ಪಶ್ಚಿಮದಿಂದ ನುಗ್ಗಿದ ಗಾಳಿ ಪೂರ್ವದ ಬಾಗಿಲಿನಿಂದ ಹೊರಗೆ ಹೋಗುವ ಮೊದಲು ಒಳಗಿದ್ದವರ ತಲೆ ಸವರಿ ಹೋಗುತ್ತಿತ್ತು. ಇದು ನಮ್ಮ ವಿಜ್ಞಾನವಲ್ಲ, ನಮ್ಮ ಜಗಳ. ಒಂದೇ ಮನಸ್ಸಿನಿಂದ ಕಟ್ಟಿದ್ದರೆ ಅದು ಬೇಯಿಸುವ ಒಲೆಯಾಗುತ್ತಿತ್ತು. ಚಾಚಾ ಹೆದರಿದಂತೆಯೇ ಆಯಿತು: ಮಧ್ಯಾಹ್ನ ಹೊರಸಿನ ಮೇಲೆ ಕುಳಿತರೆ ಮುಗಿಯಿತು, ಗೊರಕೆ ಗೇಟಿಗೆ ಕೇಳಿಸುತ್ತಿತ್ತು. ಎಬ್ಬಿಸಲು ಹೋದ ಎಚ್ಚರ ಉಪಸಮಿತಿ ಅಲ್ಲೇ ಚಾಪೆ ಹಾಸಿ ಮಲಗಿತು. ವಿಚಾರಿಸಲು ಹೋದ ನಾನು ಗೋಡೆಗೆ ಒರಗಿ ಸ್ವಲ್ಪ ಯೋಚನೆ ಮಾಡಿದೆ. ಕಣ್ಣು ಬಿಟ್ಟಾಗ ಚಾಚಾ ನನಗೆ ತಮ್ಮ ದುಪ್ಪಟಿ ಹೊದಿಸಿದ್ದರು.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಪರಿಶೀಲಕರೊಬ್ಬರು ಮನೆ ನೋಡಲು ಬಂದರು. ಪ್ರಿನ್ಸಿಪಾಲರ ಮನೆಯಲ್ಲಿ ಅವರಿಗೆ ಎಣ್ಣೆಗಾಯಿ, ರೊಟ್ಟಿ, ಹೋಳಿಗೆಯ ಊಟ. ಕೈ ತೊಳೆಯುತ್ತಲೇ ಪ್ರಿನ್ಸಿಪಾಲರು, "ಕಾವಲಿನವ ಮಲಗಿದ್ರ ಇವತ್ತೇ ಅವನ್ನ ಮನಿಗಿ ಕಳಸ್ತೀನಿ" ಎಂದದ್ದು ಬಡಿಸಲು ಹೋಗಿದ್ದ ನನ್ನ ಕಿವಿಗೆ ಬಿತ್ತು. ಅಂಗಳದಲ್ಲಿ ನಿಂತಿದ್ದ ಅಮರೇಶನಿಗೂ ಹುಲಿಗೆಪ್ಪನಿಗೂ ಕಣ್ಸನ್ನೆ ಮಾಡಿದೆ. ಇಬ್ಬರೂ ಓಡಿದರು. ತಂಪು ಮನೆಗೆ ಒಬ್ಬ ಪೂರ್ವದ ಬಾಗಿಲಿನಿಂದ ನುಗ್ಗಿದ, ಇನ್ನೊಬ್ಬ ಪಶ್ಚಿಮದಿಂದ. ಪ್ರಾಣ ಹೋದರೂ ಒಬ್ಬರ ಬಾಗಿಲು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಎರಡು ಕಡೆಯಿಂದ "ಚಾಚಾ!" ಎಂದು ಕೂಗಿದ ರಭಸಕ್ಕೆ ಅವರು ಭೂಕಂಪವೆಂದು ಹೊರಸು ಬಿಟ್ಟು ಹೊರಗೆ ಜಿಗಿದರು. ಅಷ್ಟರಲ್ಲಿ ದೊಡ್ಡವರು ಬಂದರು.

ಪರಿಶೀಲಕರು ಒಳಗೆ ಹೋಗಿ, "ಕುಂತು ನೋಡಿದ್ರನ ಗಾಳಿ ತಿಳಿಯೋದು" ಎಂದು ಹೊರಸಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಒರಗಿದರು. ಜೊತೆಗೆ ಮಾತಾಡುತ್ತಿದ್ದ ಪ್ರಿನ್ಸಿಪಾಲರ ಮಾತು ನಡುವೆಯೇ ತುಂಡಾಗಿ, ಗದ್ದ ಎದೆಗೆ ಬಿತ್ತು. ಹೊರಗೆ ಸುಡುಬಿಸಿಲಿನಲ್ಲಿ ಕೋಲು ಹಿಡಿದು ನೆಟ್ಟಗೆ ನಿಂತವರು ಚಾಚಾ ಒಬ್ಬರೇ. ಸೈಕಲ್ಲಿನ ಗಂಟೆ ಬಾರಿಸುತ್ತ ಬಂದ ವಿದ್ಯಾರ್ಥಿಯನ್ನು ತಡೆದು ಗದರಿದರು: "ಲೇ, ಸಪ್ಪಳ ಮಾಡಬ್ಯಾಡ! ಸಾಹೇಬ್ರು ತಪಾಸ್ ಮಾಡಾಕತ್ತ್ಯಾರ!"

ಚಹದ ಹೊತ್ತಿಗೆ ತಪಾಸಣೆ ಮುಗಿಯಿತು. ಕೆನ್ನೆಯ ಮೇಲೆ ಹೊರಸಿನ ಹಗ್ಗದ ಗುರುತು ಹೊತ್ತ ಪರಿಶೀಲಕರು ಪ್ರಯೋಗ ಯಶಸ್ವಿ ಎಂದರು. ಪ್ರಿನ್ಸಿಪಾಲರು ಚಾಚಾನ ಮುಖ ನೋಡದೆ ಹೋದರು. ಗೆದ್ದೆವು ಅಂದುಕೊಂಡೆವು. ಆದರೆ ಮರುದಿನ ಮಧ್ಯಾಹ್ನವೂ ಪ್ರಿನ್ಸಿಪಾಲರು ತಪಾಸಣೆಗೆ ಬಂದರು. ಅದರ ಮರುದಿನವೂ ಬಂದರು. ಚಾಚಾ ಹೊರಗೆ ಬೇವಿನ ಗಿಡದ ಕೆಳಗೆ ಕೂತು ತೂಕಡಿಸತೊಡಗಿದರು, ಅದೂ ಬಾಗಿಲಿನಿಂದ ನೇರ ಕಾಣುವ ಹಾಗೆ. ಪ್ರಿನ್ಸಿಪಾಲರಿಗೆ ಒಂದು ದಿನ ಬೇಗ ಎಚ್ಚರವಾದರೆ ಸಾಕಿತ್ತು, ಚಾಚಾನ ನೌಕರಿ ಹೋಗುತ್ತಿತ್ತು.

ಚಾಚಾ ನನ್ನ ಹತ್ತಿರ ಬಂದರು. "ಅಧ್ಯಕ್ಷವ್ವಾ, ಮನಿ ಭಾಳ ಛಲೋ ಆಗ್ಯದ. ಅದಕ್ಕೇ ನನಗ ಸಿಗವಲ್ದು. ದೊಡ್ಡವ್ರು ಬರಲಾರದಂಥ ಮನಿ ಒಂದು ಕಟ್ಟಿಕೊಡ್ರಿ."

ನನಗೆ ನಗು ಬಂತು. ಅವತ್ತೇ ಸಭೆ ಕರೆದೆ. ಸಂಘದ ಇತಿಹಾಸದಲ್ಲಿ ಮೊದಲ ಸಲ ಜಗಳವಾಗಲಿಲ್ಲ.

"ಬೇವಿನ ಗಿಡದ ಕೆಳಗ ಸಣ್ಣದೊಂದು ಕಟ್ಟಾಣ. ಬಾಗಲಾ ಗಿಡ್ಡ ಇರಲಿ" ಎಂದ ಹುಲಿಗೆಪ್ಪ.

"ಎಷ್ಟು ಗಿಡ್ಡ?" ಎಂದೆ.

"ಪ್ರಿನ್ಸಿಪಾಲರ ಎದಿಮಟ್ಟ" ಎಂದ ಅಮರೇಶ. ಜೀವನದಲ್ಲಿ ಮೊದಲ ಬಾರಿಗೆ ಪಿಸುಗುಟ್ಟಿದ್ದ.

ಕಟ್ಟಿದೆವು. ಈ ಸಲ ಬುಟ್ಟಿಗೆ ಇಬ್ಬರೂ ಕೈ ಹಾಕಿದರು. ಒಳಗೆ ಚಾಚಾ ಮಲಗಿದ್ದಾರೋ ಎಚ್ಚರ ಇದ್ದಾರೋ ತಿಳಿಯಬೇಕೆಂದರೆ ಪ್ರಿನ್ಸಿಪಾಲರು ಸೊಂಟ ಬಗ್ಗಿಸಬೇಕು. ಕಾವಲುಗಾರನ ಬಾಗಿಲಲ್ಲಿ ಅವರು ಬಗ್ಗುವವರಲ್ಲ, ಬಗ್ಗಲೂ ಇಲ್ಲ. ಚಾಚಾ ಗೊರಕೆ ಹೊಡೆಯುತ್ತಲೇ ಪಿಂಚಣಿ ಮುಟ್ಟಿದರು.

ಆ ಗುಡಿಸಲಿನ ಉದ್ಘಾಟನೆ ಮಾತ್ರ ಅಧ್ಯಕ್ಷಳಾದ ನನ್ನಿಂದಲೇ ಆಗಬೇಕೆಂದು ಎಲ್ಲರೂ ಹಟ ಹಿಡಿದಿದ್ದರು. ಹೊಸ ಸೀರೆಯುಟ್ಟು, ಘನತೆಗೆ ಎಷ್ಟು ಬೇಕೋ ಅಷ್ಟೇ ಬಗ್ಗಿ ಒಳಗೆ ಕಾಲಿಟ್ಟೆ. ಹಣೆ ಠಪ್ಪೆಂದು ಬಡಿಯಿತು.

ಒಳಗಿನಿಂದ ಚಾಚಾ ಹೇಳಿದರು: "ಇನ್ನೊಂದೀಟು ಬಗ್ರಿ, ಅಧ್ಯಕ್ಷವ್ವಾ."