ಮಡಿಕೇರಿ ಬಸ್ಸಿನ ನಾಲ್ಕು ಸೀಟು

ಹಂಪನಕಟ್ಟೆಯ ನಮ್ಮ ಮೋಟಾರು ಸರ್ವಿಸಿನ ಆಫೀಸಿನಲ್ಲಿ ಗುಣಪಾಲ ಶೆಟ್ಟಿಯೂ ನಾನೂ ಹದಿನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತವರು. ಅವನು ಟಿಕೆಟ್ ಬರೆಯುವವನು. ನಾನು, ವಾಲ್ಟರ್, ಪಾರ್ಸೆಲ್ ನೋಡಿಕೊಳ್ಳುವವನು. ಒಬ್ಬ ರಜೆ ಹಾಕಿದರೆ ಅವನ ಕೆಲಸ ಇನ್ನೊಬ್ಬನ ತಲೆಗೆ. ನನಗೆ ಬಾಯಿ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಅವನಿಗೆ ಎರಡೂ ಇರಲಿಲ್ಲ.

ಅವನಿಗೆ ಇದ್ದದ್ದು ಬೇರೊಂದು ವಿದ್ಯೆ. ಕಿಟಕಿಯಾಚೆ ನಿಂತ ಸಂಸಾರವನ್ನು ಒಮ್ಮೆ ನೋಡಿದರೆ ಸಾಕು, ಯಾರನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ತಿಳಿಯುತ್ತಿತ್ತು. ಘಟ್ಟದಲ್ಲಿ ವಾಂತಿ ಮಾಡುವ ಹುಡುಗಿಗೆ ಕಿಟಕಿ, ಕಾಲುನೋವಿನ ಅಜ್ಜಿಗೆ ಬಾಗಿಲ ಹತ್ತಿರ, ಬೆಳಿಗ್ಗೆ ಜಗಳವಾಡಿ ಬಂದ ಗಂಡಹೆಂಡಿರ ನಡುವೆ ಮಗು. ಅವನು ಬರೆದ ಚಾರ್ಟಿನ ಬಸ್ಸಿನಲ್ಲಿ ಸೀಟಿನ ವಿಷಯಕ್ಕೆ ತಕರಾರು ಬಂದದ್ದನ್ನು ನಾನು ಕಾಣೆ. ಊರವರ ಮಕ್ಕಳಿಗೆಲ್ಲ ಸರಿಯಾದ ಜಾಗ ಹುಡುಕಿ ಕೊಡುತ್ತಿದ್ದ ಈ ಮನುಷ್ಯ ತನ್ನ ಸ್ವಂತ ಮಕ್ಕಳ ಜೊತೆ ಒಂದು ಸಲವೂ ಬಸ್ಸಿನಲ್ಲಿ ಕೂತು ಪ್ರಯಾಣ ಮಾಡಿರಲಿಲ್ಲ.

ಅದಕ್ಕೆ ಕಾರಣವುಂಟು. ಗುಣಪಾಲ ಜಾತಿಯಲ್ಲಿ ಬಂಟ. ಅವರಲ್ಲಿ ಅಳಿಯಕಟ್ಟು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅವರ ಯಜಮಾನ ಸೋದರಮಾವ. ಅಪ್ಪನಿಗೆ ಮರ್ಯಾದೆಗೆ ಏನೂ ಕಡಿಮೆಯಿಲ್ಲ, ಆದರೆ ಅಧಿಕಾರ ಅವನದಲ್ಲ. ಹೆಂಡತಿ ಕುಶಲಾ ಮುಲ್ಕಿಯ ಹತ್ತಿರದ ದೊಡ್ಡ ಮನೆಯ ಹೆಣ್ಣು. ಮಗ ಚಿತ್ತರಂಜನನೂ ಮಗಳು ಆಶಾಲತಾಳೂ ಹುಟ್ಟಿ ಬೆಳೆದದ್ದು ಅಲ್ಲೇ, ಸೋದರಮಾವ ದೂಮಣ್ಣ ಹೆಗ್ಡೆಯವರ ಕಣ್ಣೆದುರು. ಅವರು ಅಂಬೆಗಾಲಿಡುವ ಕಾಲಕ್ಕೇ ಕಂಪೆನಿ ಗುಣಪಾಲನನ್ನು ಮಡಿಕೇರಿ ಆಫೀಸಿಗೆ ಹಾಕಿತು. ಆರು ವರ್ಷ ಅಲ್ಲಿ ಒಬ್ಬನೇ ಇದ್ದು, ಆಮೇಲೆ ನನ್ನೆದುರಿನ ಕುರ್ಚಿಗೆ ಬಂದ. ಮಕ್ಕಳ ಹೈಸ್ಕೂಲಿಗೆಂದು ಇಲ್ಲೇ ಆಫೀಸಿಗೆ ಹತ್ತಿರ ಬಿಜೈಯಲ್ಲಿ ಬಾಡಿಗೆ ಮನೆ ಮಾಡಿದ ಮೇಲೆಯೇ ನಾಲ್ವರೂ ಒಂದು ಸೂರಿನಡಿ ಬಂದದ್ದು. ಅದೂ ಶಾಲೆ ಇರುವಷ್ಟು ದಿನ. ಪರೀಕ್ಷೆ ಮುಗಿದ ಮರುದಿನ ಮಕ್ಕಳು ಮುಲ್ಕಿಗೆ.

ಆಗೆಲ್ಲ ಗುಣಪಾಲ ಶನಿವಾರ ಸಂಜೆ ಅಲ್ಲಿಗೆ ಹೋಗುತ್ತಿದ್ದ. ಚಾವಡಿಯಲ್ಲಿ ಕುರ್ಚಿ ಹಾಕುತ್ತಿದ್ದರು, ಎಳನೀರಿನ ಬೊಂಡ ಕೆತ್ತಿ ಕೊಡುತ್ತಿದ್ದರು. ಮಕ್ಕಳು ಬಂದು ನಿಂತು, ಕೇಳಿದ್ದಕ್ಕೆ ಉತ್ತರ ಕೊಟ್ಟು, ಆಟಕ್ಕೆ ಓಡುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಪ್ಪನಿಗೂ ನನಗೂ ಆ ಮಕ್ಕಳು ಮಾಡಿದ ಉಪಚಾರದಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಐವತ್ತೆಂಟರ ಏಪ್ರಿಲಿನಲ್ಲಿ ಕಂಪೆನಿ ಹಳಬರಿಗೆ ಕುಟುಂಬದ ಪಾಸು ಕೊಟ್ಟಿತು: ನಾಲ್ಕು ಜನ, ಯಾವ ಲೈನಿನಲ್ಲಿ ಬೇಕಾದರೂ. ಅದೇ ವರ್ಷ ಚಿತ್ತರಂಜನನಿಗೆ ಹದಿನೇಳು ತುಂಬಿತ್ತು. ಜೂನ್ ಬಂದರೆ ಅವನು ಬೊಂಬಾಯಿಗೆ ಹೋಗುವುದೆಂದು ಮಾವ ನಿಶ್ಚಯಿಸಿದ್ದರು. ಅಲ್ಲಿ ಅವರ ನೆಂಟರ ಹೋಟೆಲು, ರಾತ್ರಿ ಕಾಲೇಜು. ಮಗ ಕೈತಪ್ಪುವ ಮೊದಲು ಇದೊಂದೇ ಬೇಸಿಗೆ ಉಳಿದದ್ದು. ಗುಣಪಾಲ ಪಾಸನ್ನು ಮೇಜಿನ ಮೇಲಿಟ್ಟು, "ಮಡಿಕೇರಿ ತೋರಿಸಬೇಕು ವಾಲ್ಟರ್," ಎಂದ. "ಅಲ್ಲಿ ರವೂಫನ ಬೇಕರಿ ಉಂಟು. ಆರು ವರ್ಷ ದಿನಾ ಅವನ ಹತ್ರ ಮಕ್ಕಳ ವಿಷಯ ಹೇಳಿದ್ದೇನೆ. ನಿನಗೆ ಮಕ್ಕಳೇ ಇಲ್ಲ, ಸುಮ್ಮನೆ ಕತೆ ಕಟ್ತಿ ಅಂತ ತಮಾಷೆ ಮಾಡ್ತಿದ್ದ. ಒಮ್ಮೆ ಅವನೆದುರು ಇಬ್ಬರನ್ನೂ ನಿಲ್ಲಿಸಬೇಕು."

ಆದರೆ ಹದಿಹರೆಯದ ಮಕ್ಕಳಿಗೆ ರವೂಫನ ಬೇಕರಿಯಲ್ಲಿ ಏನಿದೆ? ಆದಿತ್ಯವಾರ ಊಟದ ಹೊತ್ತಿಗೆ ಎಲ್ಲರನ್ನೂ ಕೇಳಿದನಂತೆ. ಮಗಳಿಗೆ ಮೈಸೂರಿನ ಬೃಂದಾವನದ ದೀಪ ನೋಡಬೇಕು. ಹೆಂಡತಿಗೆ ತಲಕಾವೇರಿಯಲ್ಲಿ ಮಿಂದು ಬರಬೇಕು. ಮಗ ತಟ್ಟೆಯಿಂದ ತಲೆಯೆತ್ತದೆ, "ನಾನು ಮುಲ್ಕಿಗೆ ಹೋಗ್ತೇನೆ," ಎಂದನಂತೆ. ಸೋಮವಾರ ಗುಣಪಾಲ ಸೋತ ಮುಖ ಹೊತ್ತು ಬಂದ.

ಇಂಥದ್ದು ಕಂಡರೆ ನನಗೆ ಸುಮ್ಮನಿರಲಿಕ್ಕೆ ಬರುವುದಿಲ್ಲ. ಪಾರ್ಸೆಲ್ ಚೀಟಿಯ ಹಿಂದೆ ಐದು ದಿನದ ಪಟ್ಟಿ ಹಾಕಲಿಕ್ಕೆ ಕೂತೆ. ಮೊದಲು ಮಡಿಕೇರಿ, ಎರಡನೇ ದಿನ ತಲಕಾವೇರಿ, ಆಮೇಲೆ ಮೈಸೂರು, ದೀಪ.

"ಹುಡುಗನಿಗೆ ಎಂತ ಇಷ್ಟ?" ಎಂದು ಕೇಳಿದೆ.

ಅವನು ತುಂಬ ಹೊತ್ತು ಯೋಚಿಸಿದ. "ಗೊತ್ತಿಲ್ಲ ಮಾರಾಯ."

ನನಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಆ ಹುಡುಗ ನಮ್ಮ ಗ್ಯಾರೇಜಿನಲ್ಲಿ ಎಂಜಿನ್ನಿನ ಮುಚ್ಚಳ ತೆಗೆದಲ್ಲೆಲ್ಲ ತಲೆ ತೂರಿಸುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಹಾಗೆಂದು ಹೇಳಿದಾಗ ಗುಣಪಾಲನ ಮುಖ ಕೆಂಪಾಯಿತು. ಇನ್ನೊಬ್ಬರ ಬಾಯಿಯಿಂದ ಮಗನ ಆಸೆ ಕೇಳುವುದು ಸುಲಭವಲ್ಲ. ಆದರೂ ಚಾರ್ಟು ಎಳೆದು, ಡ್ರೈವರನ ಪಕ್ಕದ ಸೀಟಿಗೆ ಮಗನ ಹೆಸರು ಬರೆದ. ಅದರ ಹಿಂದಿನ ಮೂರು ಸೀಟಿನಲ್ಲಿ ಕಿಟಕಿ ಮಗಳಿಗೆ, ನಡುವೆ ಕುಶಲಾ, ತುದಿಗೆ ತಾನು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಗೇರು ಬದಲಿಸುವುದನ್ನು ಹತ್ತಿರದಿಂದ ನೋಡಬಹುದೆಂದು ಹೇಳಿದ ಮೇಲೆ ಹುಡುಗ, "ಆಯ್ತು," ಎಂದನಂತೆ. ಹುಡುಗಿಯೂ ಆಯ್ತು ಎಂದಳು. ಮರುದಿನ ಗುಣಪಾಲ ನನಗೆ ಕಾಫಿ ಕುಡಿಸಿದ.

ಕಾಫಿ ಕುಡಿಯುತ್ತಾ ಅವನು ಒಂದು ಮಾತು ಎತ್ತಿದ. "ದೂಮಣ್ಣ ಭಾವನಿಗೆ ಒಂದು ಕಾಗದ ಹಾಕಬೇಕು. ಮಕ್ಕಳನ್ನು ಕರ್ಕೊಂಡು ಹೋಗ್ಲಾ ಅಂತ ಕೇಳಬೇಕು."

ಈಗ ನೆನೆದರೆ ನನ್ನ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ. ನಮ್ಮ ಕೊಂಕಣಿ ಕ್ರಿಶ್ಚಿಯನ್ನರ ಮನೆಯಲ್ಲಿ ಅಪ್ಪ ಹೇಳಿದ್ದೇ ಆಯಿತು. "ಈ ಮನೆಯಲ್ಲಿ ನೀವೇ ಪೋಪ್," ಎಂದು ನನ್ನ ಹೆಂಡತಿ ಐರಿನ್ ಗೊಣಗುತ್ತಿದ್ದದ್ದು ಸುಳ್ಳಲ್ಲ. ಆ ಗತ್ತಿನಲ್ಲೇ ಅವನ ಮೇಲೆ ಹಾರಿದೆ.

"ನಿನ್ನ ಮಕ್ಕಳನ್ನು ನೀನು ಕರ್ಕೊಂಡು ಹೋಗ್ಲಿಕ್ಕೆ ಇನ್ನೊಬ್ಬನ ಅಪ್ಪಣೆ ಎಂತದು? ಗಂಡಸಲ್ವಾ ನೀನು? ಬಂದ ಮೇಲೆ ಹೇಳು, ಸಾಕು."

"ಅದು ನಮ್ಮಲ್ಲಿ ಕ್ರಮ ಅಲ್ಲ."

"ಕ್ರಮ ಮಣ್ಣು. ಅವರು ಬೇಡ ಅಂದ್ರೆ ಎಂತ ಮಾಡ್ತಿ?"

ಈ ಪ್ರಶ್ನೆ ತಾಗಿತು. ಅವನು ಕಾಗದ ಹಾಕಲಿಲ್ಲ. ಹೆಂಡತಿಗೆ, ಕಾಗದ ಹಾಕಿಯಾಯಿತು ಎಂದು ಸುಳ್ಳು ಹೇಳಿದ. ರವೂಫನಿಗೆ ಮಾತ್ರ ಕಾರ್ಡು ಹೋಯಿತು: ಮೇ ಎಂಟನೇ ತಾರೀಕು ಮಧ್ಯಾಹ್ನ ಮಕ್ಕಳ ಸಮೇತ ಬರುತ್ತೇನೆ.

ಎಂಟರಂದು ಬೆಳಿಗ್ಗೆ ಆರು ಗಂಟೆಗೆ ನಾನು ಅವನ ಕುರ್ಚಿಯಲ್ಲಿ ಬದಲಿ ಕೂತಿದ್ದೆ. ಸಂಸಾರ ಜಟಕಾದಲ್ಲಿ ಬಂದಿಳಿಯಿತು. ಗುಣಪಾಲ ಇಸ್ತ್ರಿ ಮಾಡಿದ ಕೋಟು ಹಾಕಿದ್ದ, ಮೇ ತಿಂಗಳ ಆ ಸೆಕೆಯಲ್ಲಿ! ನಾನು ಚೇಷ್ಟೆ ಮಾಡಿದ್ದಕ್ಕೆ, "ಮಡಿಕೇರಿಯಲ್ಲಿ ಚಳಿ ಉಂಟು," ಎಂದ. ಬಸ್ಸು ತುಂಬಿತ್ತು, ರಜೆಯ ಕಾಲ, ಒಂದು ಸೀಟೂ ಖಾಲಿಯಿರಲಿಲ್ಲ. ಹುಡುಗ ಆಗಲೇ ಮುಂದೆ ಹತ್ತಿ ಕೂತಿದ್ದ. ಹುಡುಗಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಇಬ್ಬರೂ ಅಪ್ಪ ಹೇಳಿದಲ್ಲಿ ಕೂತಿದ್ದರು, ಸದ್ದಿಲ್ಲದೆ. ಗುಣಪಾಲ ಮಾತ್ರ ಟ್ರಂಕು ಕಟ್ಟಿದ್ದು ಸರಿಯಾಗಿದೆಯೋ ಎಂದು ಮೂರು ಸಲ ನೋಡಿ ಬಂದ. ಅಷ್ಟು ಸಂತೋಷದಲ್ಲಿ ನಾನವನನ್ನು ಕಂಡದ್ದೇ ಇಲ್ಲ.

ಅಷ್ಟರಲ್ಲಿ ಮುಲ್ಕಿ ಕಡೆಯ ಮೊದಲ ಬಸ್ಸು ಬಂದು ನಿಂತಿತು. ಬಿಳಿ ಜುಬ್ಬ, ಹೆಗಲಿಗೆ ಶಾಲು, ಕೈಯಲ್ಲೊಂದು ಬುಟ್ಟಿ ಹಿಡಿದು ದೂಮಣ್ಣ ಹೆಗ್ಡೆಯವರು ಇಳಿದರು. ಎಂಟರಂದು ಮಡಿಕೇರಿಗೆ ಹೋಗುವುದರಿಂದ ರಜೆಗೆ ತಡವಾಗಿ ಬರುತ್ತೇನೆಂದು ಆಶಾಲತಾ ಮುಲ್ಕಿ ಮನೆಯಲ್ಲಿದ್ದ ಚಿಕ್ಕಮ್ಮನ ಮಗಳಿಗೆ ಕಾಗದ ಬರೆದಿದ್ದಳು. ಅದನ್ನು ಓದಿ ಬಂದಿದ್ದರು.

ಜಗಳವಾಡುತ್ತಾರೆಂದು ನಾನು ತೋಳು ಮಡಚಿ ಹೊರಗೆ ಬಂದೆ. ಆ ಮನುಷ್ಯ ಸ್ವರ ಕೂಡ ಎತ್ತಲಿಲ್ಲ. "ನನಗೊಂದು ಕಾರ್ಡು ಹಾಕಿದ್ರೆ ಸಾಕಿತ್ತಲ್ಲ ಭಾವ," ಎಂದರು. "ಬೇಡ ಅಂತಿದ್ನಾ ನಾನು? ಘಟ್ಟ ಹತ್ತಿ ಹೋಗ್ತಾರೆ, ನನಗೊಂದು ಮಾತಿಲ್ಲ ಅಂತ ಮನಸ್ಸು ತಡೀಲಿಲ್ಲ. ಹಪ್ಪಳ, ಗೇರುಬೀಜ ತಂದಿದ್ದೇನೆ, ದಾರಿಗೆ."

ಗುಣಪಾಲ ತಲೆ ತಗ್ಗಿಸಿದ. ಕಾಗದ ಹಾಕಿದ್ದರೆ ಉತ್ತರ ಒಂದು ಕಾರ್ಡಿನಲ್ಲಿ ಬರುತ್ತಿತ್ತು, ಅವರು ಮುಲ್ಕಿಯಲ್ಲೇ ಇರುತ್ತಿದ್ದರು. ಅಷ್ಟು ನನಗೆ ಆ ಕ್ಷಣದಲ್ಲೇ ಹೊಳೆದು, ಮಡಚಿದ್ದ ತೋಳು ಇಳಿಸಿದೆ.

"ಮಾವ!" ಎಂದು ಕೂಗುತ್ತಾ ಚಿತ್ತರಂಜನ ಬಸ್ಸಿನಿಂದ ಹಾರಿದ. ಹಿಂದೆಯೇ ಹುಡುಗಿ. ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿದ್ದ ಮಕ್ಕಳು ಇವರೇನಾ ಎನಿಸಿತು. ಬುಟ್ಟಿಗೆ ಕೈ ಹಾಕಿದರು, ನಾಯಿ ಮರಿ ಹಾಕಿತಾ ಎಂದು ಕೇಳಿದರು, ಅವರ ಶಾಲು ಎಳೆದರು. "ನೀವೂ ಬನ್ನಿ ಮಾವ," ಎಂದಳು ಆಶಾಲತಾ. "ಹೌದು, ಬನ್ನಿ," ಎಂದ ಹುಡುಗ, "ನೀವು ಬಂದ್ರೆ ಎಷ್ಟು ಮಜಾ!"

ಹೆಗ್ಡೆಯವರು ನಕ್ಕರು. "ಸೀಟು ಎಲ್ಲುಂಟು ಮಕ್ಕಳೇ? ಹೋಗಿ, ನೀವು ಹೋಗಿ ಬನ್ನಿ."

ಹುಡುಗ ಅಪ್ಪನ ಕಡೆ ತಿರುಗಿದ. "ಅಪ್ಪ, ನೀವು ಆಫೀಸಿನವರಲ್ವಾ? ಒಂದು ಸೀಟು ಮಾಡ್ಲಿಕ್ಕೆ ಆಗುದಿಲ್ವಾ?"

ಮಗ ಅಪ್ಪನ ಹತ್ತಿರ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಗುಣಪಾಲ ಒಳಗೆ ಹೋದ, ಹಿಂದೆಯೇ ನಾನು. ಚಾರ್ಟು ತೆಗೆದು ನೋಡಿದ, ಕಂಠಪಾಠ ಇದ್ದ ಚಾರ್ಟನ್ನು. ಆಮೇಲೆ ತನ್ನ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ದೂಮಣ್ಣ ಹೆಗ್ಡೆ ಎಂದು ಬರೆದ. ಅಕ್ಷರ ಎಂದಿನ ಹಾಗೆ ಉರುಟಾಗಿ ಚೆಂದಕ್ಕಿತ್ತು.

ಹೊರಗೆ ಹೋಗಿ, "ಸೀಟು ಉಂಟು," ಎಂದ. "ನನಗೆ ಹೇಗೂ ಬರ್ಲಿಕ್ಕೆ ಆಗುದಿಲ್ಲ ಭಾವ. ಬದಲಿ ಗುಮಾಸ್ತ ಬರಲಿಲ್ಲ, ಮ್ಯಾನೇಜರ್ ರಜೆ ರದ್ದು ಮಾಡಿದ್ರು. ಇವರನ್ನು ಮಾತ್ರ ಹೇಗೆ ಕಳಿಸುದು ಅಂತ ನೋಡ್ತಿದ್ದೆ. ನೀವು ಬಂದದ್ದು ದೇವರು ಬಂದ ಹಾಗಾಯ್ತು."

ಬದಲಿ ಗುಮಾಸ್ತ ನಾನು, ಅವನ ಪಕ್ಕದಲ್ಲೇ ನಿಂತಿದ್ದೇನೆ. ಬಾಯಿ ತೆರೆದೆ. ಅವನು ನನ್ನ ಮಣಿಕಟ್ಟು ಹಿಡಿದು ಒತ್ತಿದ, ನೋವಾಗುವಷ್ಟು.

ಹೆಗ್ಡೆಯವರು ನಂಬಿದರೋ ಇಲ್ಲವೋ ತಿಳಿಯದು. ಎರಡು ಸಲ ಬೇಡವೆಂದರು, ಮೂರನೇ ಸಲ ಹುಡುಗಿ ಕೈ ಹಿಡಿದು ಎಳೆದಾಗ ಹತ್ತಿದರು. "ಅಯ್ಯೋ, ನೀವು ಇಲ್ವಾ?" ಎಂದು ಹುಡುಗ ಕೇಳಿದ. ಬೇಸರ ಇತ್ತು ಅವನ ಮುಖದಲ್ಲಿ, ಇಲ್ಲವೆನ್ನುವುದಿಲ್ಲ. ಬಹಳ ಹೊತ್ತು ಉಳಿಯಲಿಲ್ಲ. ಕುಶಲಾ ಮಾತ್ರ ಎಲ್ಲ ಅರ್ಥವಾದವಳ ಹಾಗೆ ಸೀಟಿನಿಂದ ಏಳಲಿಕ್ಕೆ ಹೋದಳು. "ಕೂತ್ಕೋ," ಎಂದ ಗುಣಪಾಲ. "ತಲಕಾವೇರಿಯಲ್ಲಿ ಮಿಂದು ಬಾ. ರವೂಫನ ಅಂಗಡಿಗೆ ಮಕ್ಕಳನ್ನು ಕರ್ಕೊಂಡು ಹೋಗು."

ಬಸ್ಸು ತಿರುಗಿ ಮರೆಯಾಗುವ ತನಕ ಕೈಬೀಸಿದ. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಒಳಗೆ ಬಂದು ಕೂತಿದ್ದ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತ.

ನನ್ನ ಸಿಟ್ಟು ನೆತ್ತಿಗೇರಿತ್ತು, ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ. "ನಿನಗೆ ತಲೆ ಸರಿ ಉಂಟಾ? ನಿನ್ನ ಸೀಟು ಯಾಕೆ ಕೊಟ್ಟೆ? ಮಕ್ಕಳು ನಿನ್ನ ಜೊತೆ ಬರ್ಲಿಕ್ಕೆ ಒಪ್ಪಿದ್ರಲ್ಲ!"

"ಒಪ್ಪಿದ್ರು ವಾಲ್ಟರ್," ಎಂದ. "ನನ್ನ ಜೊತೆ ಬರ್ಲಿಕ್ಕೆ ಒಪ್ಪಿದ್ರು. ಭಾವನನ್ನು, ಬನ್ನಿ ಅಂತ ತಾವಾಗಿ ಕರೆದ್ರು."

ನಾನು ಮೇಜಿನ ಈ ಬದಿಗೆ ಬಂದು ಪಾರ್ಸೆಲ್ ಚೀಟಿ ಎಳೆದುಕೊಂಡೆ. ಏಳು ಗಂಟೆಯ ಬಸ್ಸಿಗೆ ಕಿಟಕಿಯಾಚೆ ಜನ ಸೇರಿದ್ದರು. ಮುಂದೆ ಒಬ್ಬಾತ ಹೆಂಡತಿ, ಎರಡು ಮಕ್ಕಳೊಂದಿಗೆ ನಿಂತಿದ್ದ. ಗುಣಪಾಲ ಅವರನ್ನು ಒಮ್ಮೆ ನೋಡಿ, ಪೆನ್ನು ಎತ್ತಿಕೊಂಡು, "ಎಷ್ಟು ಜನ?" ಎಂದು ಕೇಳಿದ.