ಕಂದು ಕುದುರೆಯ ಎಡ ಮುಂಗಾಲು

ಮಗಳು ಫೋನಿನಲ್ಲಿ ಅಳುತ್ತಿದ್ದಳು. ಕುದುರೆಯಿಂದ ಅವಳೇ ಬಿದ್ದಿರಬೇಕೆಂದುಕೊಂಡೆ.

"ನಂಗೇನೂ ಆಗಿಲ್ಲವ್ವ. ಕುದುರಿ ಮುಂಗಾಲು ಊರವಲ್ದು. ಇಬ್ಬರೂ ಲಗೂನ ಬರ್ರಿ" ಎಂದಳು.

ನಾವು ವಿಜಯಪುರದ ಕಡೆಯವರು. ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ನೌಕರಿ ಸಿಕ್ಕಿದ್ದರಿಂದ ಹೈದರಾಬಾದಿಗೆ ಬಂದು, ಕೊನೆಗೆ ಮಿಯಾಪುರದ ಅಪಾರ್ಟ್‌ಮೆಂಟೊಂದರಲ್ಲಿ ನೆಲೆಯಾದೆವು. ನಮ್ಮ ಎರಡೂ ಮನೆತನಗಳಲ್ಲಿ ಕುದುರೆ ಸಾಕಿದವರಿಲ್ಲ. ಮಗಳು ಶಾಲೆಯಲ್ಲಿದ್ದಾಗ ಬೇಸಿಗೆ ರಜೆ ಕಳೆಯಲೆಂದು ಊರ ಹೊರಗಿನ ಸವಾರಿ ಶಾಲೆಗೆ ಸೇರಿದಳು. ರಜೆ ಮುಗಿದರೂ ಅವಳ ಸವಾರಿ ಮುಗಿಯಲಿಲ್ಲ. ಮುಂದೆ ರೇಸಿನಿಂದ ಹೊರಬಿದ್ದ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಅವಳಿಗಾಗಿ ಕೊಂಡು, ಅಲ್ಲಿಯ ಲಾಯದಲ್ಲೇ ಇರಿಸಿದೆವು. ಆ ಕುದುರೆ ಅಡ್ಡಗಂಬಗಳನ್ನು ಹಾರುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮಗಳು ನಾರಾಯಣಗೂಡದ ಕಾಲೇಜಿಗೆ ಹೋಗುವ ಹೊತ್ತಿಗೆ ರಾಜ್ಯ ತಂಡದ ಆಯ್ಕೆಗೆ ತಯಾರಾಗುತ್ತಿದ್ದಳು.

ನಾವು ತಲುಪಿದಾಗ ಕುದುರೆ ಎಡ ಮುಂಗಾಲಿನ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಬಿಲ್ಲಿನ ಹಾಗೆ ಉಬ್ಬಿದ ಬಾವು. ಮಗಳು ಪೈಪು ಹಿಡಿದು ಅದರ ಮೇಲೆ ತಣ್ಣೀರು ಬಿಡುತ್ತಿದ್ದಳು. ಅವಳ ಬೂಟುಗಳೂ ತೊಯ್ದಿದ್ದವು.

ಸವಾರಿ ಶಾಲೆಯ ಮಾಲೀಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರು ಬಾವನ್ನು ಮೆಲ್ಲಗೆ ಒತ್ತಿ ನೋಡಿ, ತಮ್ಮ ದಖ್ಖನಿ ಉರ್ದುವಿನಲ್ಲಿ, ಇದಕ್ಕೆ ಹಳೆಯ ಇಲಾಜು ಒಂದೇ, ಕಬ್ಬಿಣ ಕಾಯಿಸಿ ಬರೆ ಎಳೆಯುವುದು, ತಮ್ಮ ಕಾಲದಲ್ಲಿ ಎಷ್ಟೋ ಕುದುರೆಗಳು ಅದರಿಂದಲೇ ಮತ್ತೆ ಓಡಿದವು ಎಂದರು. ಮಗಳು ಪೈಪು ಬಿಟ್ಟು ಕುದುರೆಗೂ ಅವರಿಗೂ ನಡುವೆ ನಿಂತಳು. "ಅದಕ್ಕ ಬರಿ ಹಾಕೂದಾದ್ರ ಮೊದಲು ನನಗ ಹಾಕ್ರಿ" ಎಂದಳು. ಅವರಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು.

ಬಾವು ತುಸು ಇಳಿದ ಮೇಲೆ ಪಶುವೈದ್ಯರು ಸ್ಕ್ಯಾನ್ ಮಾಡುವ ಯಂತ್ರ ತಂದರು. ಪರದೆಯ ಮೇಲೆ ಬೆಳ್ಳಗಿನ ಎಳೆಗಳ ನಡುವೆ ಒಂದು ಕಪ್ಪು ಕುಳಿ. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಪಟ್ಟಿ, ಅಂದರೆ ಟೆಂಡನ್, ಅಲ್ಲಿ ಹರಿದಿದೆ ಎಂದು ವೈದ್ಯರು ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು.

"ಬರೆಯಿಂದ ಟೆಂಡನ್ ಕೂಡುವುದಿಲ್ಲ. ಬರೆ ಹಾಕಿದ ಮೇಲೆ ತಿಂಗಳುಗಟ್ಟಲೆ ಕಟ್ಟಿಹಾಕುತ್ತಿದ್ದರಲ್ಲ, ಗುಣವಾಗುತ್ತಿದ್ದದ್ದು ಆ ವಿಶ್ರಾಂತಿಯಿಂದ."

ಬೇರೆ ದಾರಿಗಳಿದ್ದವು. ಬರೀ ವಿಶ್ರಾಂತಿ ಕೊಟ್ಟು, ಅಳತೆಯಿಟ್ಟು ನಡೆಸುವುದು. ಅದರ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಗಾಯ ಮಾಯಿಸುವ ಅಂಶವನ್ನು ಬೇರ್ಪಡಿಸಿ ಆ ಕುಳಿಯೊಳಗೆ ಚುಚ್ಚುವುದು. ಮೂಳೆಯ ಮಜ್ಜೆ ತೆಗೆದು, ಹೊರ ಊರಿನ ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸಿ ತರಿಸುವುದೂ ಉಂಟು.

"ಇದರಾಗ ಪಕ್ಕಾ ಯಾವುದು?" ಎಂದು ನನ್ನ ಗಂಡ ಕೇಳಿದರು. ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿದ ಮನುಷ್ಯ. ಅವರಿಗೆ ಎಲ್ಲವೂ ಪಕ್ಕಾ ಇರಬೇಕು. ಮಗಳು ಆ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳಿದಳು.

ವೈದ್ಯರು ತಲೆಯಾಡಿಸಿದರು. "ಯಾವುದೂ ಇಲ್ಲ. ಹರಿದ ಜಾಗ ಗಡುಸಾಗಿ ಕೂಡುತ್ತದೆ, ಮೊದಲಿನ ಹಾಗೆ ಹಿಗ್ಗುವುದಿಲ್ಲ. ಏನೇ ಚುಚ್ಚಿದರೂ ಕೊನೆಗೆ ನಡಿಗೆಯೇ ಔಷಧ. ಒಂದು ವರ್ಷ ಹಿಡಿದೀತು. ಇದರ ನಡುವೆ ಒಂದು ಸಲ ಓಡಿತೋ, ಮಾಡಿದ್ದೆಲ್ಲ ನೀರಿಗೆ."

ರಕ್ತದಿಂದ ಮಾಡುವ ಚಿಕಿತ್ಸೆಯನ್ನೇ ಆರಿಸಿದೆವು. ಆಮೇಲೆ ಲಾಯದಲ್ಲಿ ವಿಶ್ರಾಂತಿ, ಪಟ್ಟಿ ಕಟ್ಟುವುದು, ಬಿಚ್ಚುವುದು. ಕೆಲವು ವಾರಗಳಾದ ಮೇಲೆ ಹಗ್ಗ ಹಿಡಿದು ಗಟ್ಟಿ ನೆಲದ ಮೇಲೆ ಸ್ವಲ್ಪ ಹೊತ್ತಿನ ನಡಿಗೆ. ಆಗ ಮಗಳಿಗೆ ಪರೀಕ್ಷೆ ಬಂತು. ಅದೇ ವರ್ಷ ನಿವೃತ್ತರಾಗಿದ್ದ ನನ್ನ ಗಂಡ, "ನಾ ನಡಸ್ತೀನಿ, ನೀ ಓದಕೋ" ಎಂದರು. ಕುದುರೆಯ ಹತ್ತಿರವೂ ಸುಳಿಯದಿದ್ದವರು ಬೆಳಿಗ್ಗೆದ್ದು ಹೊರಟುಬಿಡುತ್ತಿದ್ದರು. ಒಮ್ಮೆ ಜೊತೆಗೆ ಹೋದಾಗ ನೋಡಿದೆ: ಮನೆಯಲ್ಲಿ ನಾಲ್ಕು ಮಾತೂ ಆಡದವರು ಅದರ ಪಕ್ಕದಲ್ಲಿ ನಡೆಯುತ್ತ, ತಮ್ಮ ಕಾರ್ಖಾನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು.

ಕಟ್ಟಿಹಾಕಿದ ಕುದುರೆಗೆ ಹುರುಪು ಏರುತ್ತದೆ, ಚಡಪಡಿಸಲಿ ಬಿಡಲಿ, ಮಂಪರಿನ ಔಷಧ ಕೊಟ್ಟೇ ಹೊರಗೆ ತನ್ನಿ ಎಂದು ವೈದ್ಯರು ಹೇಳಿದ್ದರು. ಪರೀಕ್ಷೆಯ ಒಂದು ದಿನ ನನ್ನ ಗಂಡ ಅದನ್ನು ಕೊಡಲಿಲ್ಲ. ದಾರಿಯ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ಬ್ರೇಕಿನ ಗಾಳಿಯನ್ನು ಬುಸ್ಸನೆ ಬಿಟ್ಟಿತು. ಕುದುರೆ ಹಿಂಗಾಲುಗಳ ಮೇಲೆ ಎದ್ದು ಹಗ್ಗ ಕಿತ್ತುಕೊಂಡು, ಮೈದಾನದ ಉದ್ದಕ್ಕೂ ನಾಗಾಲೋಟ ಓಡಿತು. ಉಸ್ತಾದರು ಹಿಡಿದು ತರುವಾಗ ಮತ್ತೆ ಅದೇ ಕಾಲನ್ನು ಎಳೆಯುತ್ತಿತ್ತು.

ಪರೀಕ್ಷೆ ಮುಗಿಸಿ ನೇರ ಅಲ್ಲಿಗೇ ಬಂದ ಮಗಳು ಅಪ್ಪನ ಕೈ ನೋಡಲಿಲ್ಲ. ಹಗ್ಗ ಎಳೆದ ರಭಸಕ್ಕೆ ಅಂಗೈಯ ಚರ್ಮ ಸುಲಿದಿತ್ತು.

"ಔಷಧ ಕೊಡೂದು ಮರ್ತ್ರೇನಪ್ಪ?"

"ಮರ್ತಿಲ್ಲವಾ. ಸುಮ್ಮನ ನಿಂತಿತ್ತು. ದಿನಾ ಮಂಪರದಾಗ ಇಡೂದು ಪಾಪ ಅನಸ್ತು."

"ನಿಮಗ ಅನಸೂದು ಯಾರು ಕೇಳ್ಯಾರ?" ಎಂದಳು. ಆ ಮಾತಿನ ನಂತರ ನಮ್ಮ ಮನೆಯಲ್ಲಿ ಮಾತೇ ನಿಂತಿತು. ಊಟಕ್ಕೆ ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಕೂರುತ್ತಿದ್ದರು. "ಅವ್ವ, ಅಪ್ಪಗ ಹೇಳು" ಎಂದು ಅವಳು, "ನಿನ್ನ ಮಗಳಿಗೆ ಹೇಳು" ಎಂದು ಇವರು. ಯಾರ ಕಡೆ ಮಾತಾಡಿದರೂ ಇನ್ನೊಬ್ಬರನ್ನು ಚುಚ್ಚಿದಂತಾಗುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತೇ ಊಟ ಮುಗಿಸತೊಡಗಿದೆ.

ಎರಡನೆಯ ಸ್ಕ್ಯಾನಿನಲ್ಲಿ ಕುಳಿ ಮೊದಲಿಗಿಂತ ದೊಡ್ಡದಿತ್ತು. ಇನ್ನು ಹಾರುವುದನ್ನು ಮರೆತುಬಿಡಿ, ನಡೆಯುವ ಕುದುರೆಯಾಗಿ ಉಳಿದರೆ ಸಾಕು ಎಂದರು ವೈದ್ಯರು. ಉಸ್ತಾದರು ನಮ್ಮ ಒಳ್ಳೆಯದಕ್ಕೇ ಎಂಬಂತೆ ಹೇಳಿದರು: ಮುಂದೆ ನಡೆಯುವಂತಾದರೆ ಮದುವೆಯ ಬಾರಾತ್ ಮೆರವಣಿಗೆಯವರು ತೆಗೆದುಕೊಳ್ಳುತ್ತಾರೆ, ವರನನ್ನು ಹೊತ್ತು ನಡೆಯಲು ಅಷ್ಟು ಸಾಕು.

ಮಗಳು ನೆಲ ನೋಡುತ್ತಿದ್ದಳು. ಉತ್ತರ ಕೊಟ್ಟವರು ನನ್ನ ಗಂಡ, ತಮ್ಮ ಹರಕು ಹಿಂದಿಯಲ್ಲಿ. ಒಂದು ಟ್ಯಾಂಕರಿನ ಸದ್ದಿಗೆ ಬೆದರಿದ ಪ್ರಾಣಿಯನ್ನು ಪಟಾಕಿ, ಬ್ಯಾಂಡಿನ ನಡುವೆ ನಿಲ್ಲಿಸುವುದಿಲ್ಲ, ಇದು ಇಲ್ಲೇ ಇರುತ್ತದೆ ಎಂದರು. ಮಗಳು ತಲೆಯೆತ್ತಿ ಅವರನ್ನು ನೋಡಿದಳು.

ಮತ್ತೆ ಮೊದಲಿನಿಂದ ಎಲ್ಲ. ಈ ಸಲ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಕಾಲೇಜು, ಲಾಯ, ಕಾಲೇಜು ಎಂದು ಓಡಾಡಿ ಸೊರಗಿದಳು. ಮಳೆಗಾಲದ ಒಂದು ಬೆಳಿಗ್ಗೆ ಜ್ವರದಿಂದ ಏಳಲಾಗದೆ ಮಲಗಿದ್ದವಳು ನನ್ನನ್ನು ಕರೆದು, "ಅಪ್ಪಗ ಹೇಳು, ಇವತ್ತು ಅವರು ನಡಸ್ಲಿ" ಎಂದಳು. ಪಡಸಾಲೆಯಲ್ಲಿ ಕೂತಿದ್ದ ಇವರಿಗೆ ಅದು ಕೇಳಿಸಿತ್ತು. ಬಾಗಿಲಿಗೆ ಬಂದು ನಿಂತರು.

"ಔಷಧ ಕೊಟ್ಟೇ ಹೊರಗ ತರ್ತೀನಿ" ಎಂದರು.

"ಹೂಂ."

ಅಷ್ಟೇ. ಅವರು ಹೋದ ಮೇಲೆ ಅವಳು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ.

ಕಾಲು ಕೂಡಿತು. ಆ ಜಾಗ ಇಂದಿಗೂ ದಪ್ಪಗಿದೆ, ನೋವಿಲ್ಲ. ಕುದುರೆ ನಡೆಯುತ್ತದೆ, ಮನಸ್ಸು ಬಂದರೆ ಸಣ್ಣಗೆ ಕುಕ್ಕುಲೋಟ ಹೋಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುವುದಿಲ್ಲ. ಮರು ಚಳಿಗಾಲದ ಆಯ್ಕೆಗೆ ಬೇರೆ ಹುಡುಗಿಯರು ತಮ್ಮ ಕುದುರೆಗಳೊಂದಿಗೆ ಬಂದರು. ಮಗಳು ನೋಡಲು ಹೋಗುತ್ತೇನೆಂದಳು, ಅಪ್ಪನೇ ಕಾರು ಓಡಿಸಿದರು, ನಾನು ಅವರ ಪಕ್ಕದಲ್ಲಿ ಕೂತೆ. ಗೆದ್ದವರಿಗೆ ಅವಳು ಎದ್ದುನಿಂತು ಚಪ್ಪಾಳೆ ಹೊಡೆದಳು.

ಮರಳುವಾಗ ಸಿಗ್ನಲ್ಲಿನಲ್ಲಿ ಇವರು ಕನ್ನಡಿಯಲ್ಲಿ ಅವಳನ್ನು ನೋಡಿ ಕೇಳಿದರು: "ಹಾರೂ ಕುದುರಿ ಬ್ಯಾರೆ ಒಂದು ನೋಡೂಣೇನವಾ?"

"ಬ್ಯಾಡಪ್ಪ. ಒಂದು ಐತಲ್ಲ" ಎಂದಳು.

ಅದು ಪ್ರೀತಿಯ ಮಾತೋ, ಸೋತವಳ ಮಾತೋ, ನನಗೆ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.