ಮಂಡಿಯಲ್ಲಿ ಎಲ್ಲರೂ ಆರಾಮ ಅಂದ ದಿನ

ಚನ್ನಗಿರಿಯ ನಮ್ಮ ಅಡಿಕೆ ಮಂಡಿಯಲ್ಲಿ ಶಿವನ ಫೋಟೊ ಒಂದು ಗೋಡೆಗೆ, ತೂಕದ ಯಂತ್ರ ಸರಿಯಾಗಿ ಅದರ ಎದುರಿಗೆ. ತೂಗುವಾಗ ದೇವರು ನೋಡ್ತಿರಲಿ ಅಂತ ನಮ್ಮ ಮಾವನವರು ಮಾಡಿದ ಏರ್ಪಾಡು. ಪಾಪ, ಶಿವನೂ ಇಷ್ಟು ವರ್ಷದಲ್ಲಿ ಏನೇನೋ ನೋಡಿದಾನೆ. ಆದರೆ ಆಯುಧಪೂಜೆಯ ವಿಭೂತಿ ಇನ್ನೂ ಅಳಿಸದ ಆ ಯಂತ್ರದ ಮೇಲೆ ಅಡಿಕೆ ಚೀಲದ ಬದಲು ಮನುಷ್ಯರು ಹತ್ತಿ ನಿಂತಿದ್ದನ್ನ ಅವನೂ ಅವತ್ತೇ ಮೊದಲು ನೋಡಿದ್ದು.

ಕಾರಣ ಜಿಎಸ್‌ಟಿ. ಮಂಡಿಯಲ್ಲಿ ದುಡಿಯುವವರನ್ನೂ ನಮ್ಮ ಮನೆಯವರನ್ನೂ ಸೇರಿಸಿ ನಮ್ಮ ಯಜಮಾನರು ಒಂದೇ ಗುಂಪು ಆರೋಗ್ಯ ವಿಮೆ ಮಾಡಿಸಿದ್ದರು. ಈ ಸಲ ಸರ್ಕಾರದವರು ಒಬ್ಬೊಬ್ಬರೇ ಮಾಡಿಸಿಕೊಳ್ಳುವ ವಿಮೆಗೆ ತೆರಿಗೆ ತೆಗೆದುಹಾಕಿದರು, ಗುಂಪಿನದಕ್ಕೆ ಮಾತ್ರ ಹದಿನೆಂಟು ಪರ್ಸೆಂಟ್ ಹಾಗೇ ಬಿಟ್ಟರು. ಆಡಿಟರ್ ಫೋನಿನಲ್ಲೇ ದಾರಿ ತೋರಿಸಿದರು. ಗುಂಪಿನದು ಹೇಗೂ ಈ ತಿಂಗಳು ಮುಗಿಯುತ್ತೆ, ಬಿಟ್ಟುಬಿಡಿ. ಅವರವರ ಹೆಸರಲ್ಲಿ ಅವರವರು ಮಾಡಿಸಲಿ, ರಶೀದಿ ತಂದು ತೋರಿಸಿದರೆ ನೀವು ದುಡ್ಡು ಕೊಡಿ. ತೆರಿಗೆ ಉಳೀತು.

ತೆರಿಗೆ ಉಳೀತು ಅನ್ನೋ ಮಾತು ಕಿವಿಗೆ ಬಿದ್ದರೆ ನಮ್ಮ ಯಜಮಾನರ ಮುಖಕ್ಕೆ ಒಂದು ಕಳೆ ಬರುತ್ತೆ. ಪೂಜೆಗೆ ಕೂತಾಗ ನಾನು ಆ ಕಳೆ ಕಂಡಿಲ್ಲ.

ಮರುದಿನವೇ ವಿಮೆ ಏಜೆಂಟ್ ಬಂದ. ಅರ್ಜಿಯಲ್ಲಿ ಪ್ರತಿಯೊಬ್ಬರ ತೂಕ ಬರೀಬೇಕಂತೆ. ಯಂತ್ರ ಇದ್ದೇ ಇತ್ತಲ್ಲ, ಹಮಾಲ ಒಬ್ಬೊಬ್ಬರನ್ನೇ ಹತ್ತಿಸಿ ಕೂಗಿ ಹೇಳತೊಡಗಿದ. ಬಾಯಿ ಕೇಳಬೇಕಲ್ಲ, ಅಭ್ಯಾಸಬಲದಿಂದ ಪ್ರತಿಯೊಬ್ಬರಿಗೂ ಚೀಲದ ತೂಕ ಕಳೆದೇ ಹೇಳಿದ. ಆಗಷ್ಟೇ ತಲೆಗೆ ನೀರು ಹಾಕ್ಕೊಂಡು ಬಂದಿದ್ದ ಗುಮಾಸ್ತರನ್ನ ನೋಡಿ, "ಈ ಮಾಲು ಹಸಿ ಐತೆ ಸಾಹುಕಾರ್ರೇ, ಇನ್ನೊಂದರ್ಧ ಕೆಜಿ ಕಳೀರಿ" ಅಂದ. ಹೆಂಗಸರು ಸೀರೆಗೂ ಕಳೀಬೇಕು ಅಂತ ಜಗಳಕ್ಕೆ ನಿಂತರು.

ತೂಕ ಮುಗಿದ ಮೇಲೆ ಏಜೆಂಟ್ ಪೆನ್ನು ಹಿಡಿದು ಎಲ್ಲರನ್ನೂ ವಿಚಾರಿಸುತ್ತ ಬಂದ.

"ಅಣ್ಣ, ಆರಾಮಾ?"

"ಆರಾಮ."

"ಸಾಹುಕಾರ್ರೇ, ಆರಾಮಾ?"

"ಆರಾಮಪ್ಪ."

ಅಡಿಕೆ ಆರಿಸುವ ನಲ್ಲೂರಕ್ಕನೂ "ಆರಾಮ ಕಣಪ್ಪ" ಅಂದಳು. ಊರು ನಲ್ಲೂರಾದ್ದರಿಂದ ನಾವೆಲ್ಲ ಅವಳನ್ನ ಹಾಗೇ ಕರೆಯೋದು. ನಾನು ಟೀ ತಂದಿದ್ದೆ. ಕೊನೆಗೆ ನನ್ನ ಕಡೆ ತಿರುಗಿ, "ಅಮ್ಮಾರೇ, ನೀವು?" ಅಂದ.

"ಆರಾಮ, ಶಿವನ ದಯೆ," ಅಂತು ನನ್ನ ಬಾಯಿ. ಟೀ ಆದಮೇಲೆ ನುಂಗಬೇಕಾದ ಬಿಪಿ ಮಾತ್ರೆ ಆಗ ನನ್ನ ಮುಷ್ಟಿಯಲ್ಲೇ ಇತ್ತು.

ಮಾತ್ರೆ ನೋಡಿದೆ. ಫೋಟೊ ನೋಡಿದೆ. ಆಮೇಲೆ ನಲ್ಲೂರಕ್ಕನ ಲೋಟ ನೋಡಿದೆ. ಅವಳಿಗೆ ಶುಗರ್ ಅಂತ ದಿನವೂ ಅವಳ ಟೀ ಬೇರೆ ಸೋಸುವವಳು ನಾನೇ. ಸಾಲದ್ದಕ್ಕೆ ಪಿತ್ತಕೋಶದಲ್ಲಿ ಕಲ್ಲು. ದೀಪಾವಳಿ ಮುಗೀತಿದ್ದ ಹಾಗೇ ಆಪರೇಷನ್ ಆಗಲೇಬೇಕು ಅಂತ ದಾವಣಗೆರೆ ಡಾಕ್ಟರು ಹೇಳಿದ್ದರು. ಅವಳು ನಂಬಿದ್ದು ಈ ವಿಮೆಯನ್ನೇ.

"ಏಜೆಂಟಪ್ಪ, ಅದರಲ್ಲಿ ಏನಂತ ಐತೆ?"

"ಅದೇ ಅಮ್ಮಾರೇ, ಕಾಯಿಲೆ ಕಸಾಲೆ ಐತಾ ಅಂತ."

"ನೀನು ಆರಾಮಾ ಅಂತ ಕೇಳಿದ್ರೆ ಚನ್ನಗಿರಿಯಲ್ಲಿ ಉಸಿರು ನಿಂತವನೂ ಆರಾಮ ಅಂತಾನೆ. ಅಲ್ಲಿರೋದನ್ನ ಓದಿ ಕೇಳು."

ಓದಿದ. ಶುಗರ್, ಬಿಪಿ, ಕಲ್ಲು, ಮೂಲವ್ಯಾಧಿ. ಎಲ್ಲರೂ ಫೋಟೊ ಕಡೆ ನೋಡಿದರು.

"ದೇವರ ಮುಂದೆ ರೋಗದ ಹೆಸರು ಎತ್ತಬಾರದಕ್ಕಾ," ಅಂತ ನಲ್ಲೂರಕ್ಕ ಪಿಸುಗುಟ್ಟಿದಳು.

"ಅವನಿಗೇನು ಗೊತ್ತಿಲ್ವೇನೇ? ಆ ಕಲ್ಲು ಇಟ್ಟವನೇ ಅವನು."

ಏಜೆಂಟ್ ತಲೆ ಕೆರ್ಕೊಂಡ. "ನಿಜ ಬರೆದ್ರೆ ಆ ಕಾಯಿಲೆಗೆ ದುಡ್ಡು ಬರೋಕೆ ಎರಡು ಮೂರು ವರ್ಷ ಕಾಯಬೇಕಾಗುತ್ತೆ. ಬರೀದಿದ್ರೆ, ಆಸ್ಪತ್ರೆಯಲ್ಲಿ ಹಳೇ ಚೀಟಿ ಸಿಕ್ತು ಅಂದ್ರೆ ಕಂಪನಿ ಪೈಸಾನೂ ಕೊಡಲ್ಲ."

"ಗುಂಪಿನದರಲ್ಲಿ?"

"ನಿಮ್ಮ ಗುಂಪಿನದರಲ್ಲಿ ಇದನ್ನೆಲ್ಲ ಕೇಳೋದೇ ಇಲ್ಲ. ಮೊದಲಿಂದ ಇದ್ದ ಕಾಯಿಲೆಗೂ ಬರುತ್ತೆ."

ನಲ್ಲೂರಕ್ಕ ಲೋಟ ಕೆಳಗಿಟ್ಟಳು. "ಇರ್ಲಿ ಬಿಡ್ರಿ ಸಾಹುಕಾರ್ರೇ. ನನ್ನೊಬ್ಬಳಿಗೋಸ್ಕರ ತೆರಿಗೆ ಯಾಕೆ ಕಟ್ತೀರಿ? ಇಷ್ಟು ದಿನ ಇದ್ದ ಕಲ್ಲು, ಇನ್ನೊಂದಿಷ್ಟು ದಿನ ಇರ್ತಾವೆ."

ಯಜಮಾನರು ಗಾದಿ ಮೇಲೆ ಕೂತು ಕ್ಯಾಲ್ಕುಲೇಟರ್ ಒತ್ತುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಕ್ಯಾಲ್ಕುಲೇಟರ್ ಕೈಯಲ್ಲಿದ್ದಾಗ ಮಾತ್ರ ಅವರಿಗೆ ಕಿವಿ ಕೇಳಿಸಲ್ಲ.

"ರೀ," ಅಂದೆ, "ನೀವೂ ಆರಾಮ ಅಂದ್ರಲ್ಲ. ಗಾದಿ ಮೇಲೆ ನಡುವೆ ತೂತಿರೋ ಆ ದಿಂಬು ಯಾಕೈತೆ ಅಂತ ಬರೆಸ್ಲಾ?"

ದಿಂಬಿನ ವಿಷಯ ಇಡೀ ಮಂಡಿಗೆ ಗೊತ್ತು. ಗೊತ್ತಿದೆ ಅಂತ ಯಾರೂ ತೋರಿಸಿಕೊಂಡಿರಲಿಲ್ಲ, ಅಷ್ಟೇ. ಹಮಾಲ ಚೀಲದ ಹಿಂದೆ ಮುಖ ಮುಚ್ಚಿಕೊಂಡ. ಗುಮಾಸ್ತರು ಕೆಮ್ಮಿದರು. ನಲ್ಲೂರಕ್ಕ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಪಕ್ಕದಿಂದ ಸೋರಿತು.

"ಏ, ಇವಳೊಬ್ಬಳು!" ಯಜಮಾನರು ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟರು. ಏಜೆಂಟನ ಕೈಲಿದ್ದ ಕಾಗದದ ಕಡೆ ನೋಡಿದರು. ಅದರಲ್ಲಿ ಮೂಲವ್ಯಾಧಿಗೂ ಕಾಯಬೇಕು ಅನ್ನೋದು ಅವರಿಗೆ ಆಗ ಹೊಳೆದಿರಬೇಕು. "ಏಜೆಂಟಪ್ಪ, ಗುಂಪಿನದೇ ನಡೀಲಿ. ತೆರಿಗೆ ಕಟ್ಟಿದ್ರಾಯ್ತು. ನೀನು ಟೀ ಕುಡಿ."

ಶಿವ ಯಾರಿಗೆ ಯಾವ ಜಾಗದಲ್ಲಿ ಬುದ್ಧಿ ಕೊಡ್ತಾನೋ ಹೇಳಾಕಾಗಲ್ಲ. ಕೊಟ್ಟನಲ್ಲ, ಅವತ್ತಿಗೆ ನನಗೆ ಅಷ್ಟು ಸಾಕಾಗಿತ್ತು. ಸಂಜೆ ಫೋಟೊಗೆ ಒಂದು ಮೊಳ ಹೂ ಜಾಸ್ತಿ ಹಾಕಿದೆ.

ದೀಪಾವಳಿ ಕಳೀತು, ನಲ್ಲೂರಕ್ಕನ ಆಪರೇಷನ್ ಆಯ್ತು, ಆಸ್ಪತ್ರೆಗೆ ವಿಮೆಯವರೇ ಕಟ್ಟಿದರು. ಅವಳು ಮತ್ತೆ ಕೆಲಸಕ್ಕೆ ಬಂದ ವಾರವೇ ಏಜೆಂಟ್ ಹೊಸ ಕ್ಯಾಲೆಂಡರ್ ಹಿಡಿದು ಬಂದು, ಅಭ್ಯಾಸದಂತೆ ಕೇಳಿದ: "ಆರಾಮಾ ಅಕ್ಕಾ?"

"ಕೂತ್ಕೋ," ಅಂದಳು ನಲ್ಲೂರಕ್ಕ. ಹೊಟ್ಟೆ ಮೊದಲು ಎಲ್ಲಿ ನೊಂದಿತು ಅನ್ನೋದರಿಂದ ಶುರು ಮಾಡಿದಳು. ನಡುವೆ ಸೊಂಟದ ಚೀಲದಿಂದ ಪುಟ್ಟ ಡಬ್ಬಿ ತೆಗೆದು ಕಲ್ಲನ್ನೂ ತೋರಿಸಿದಳು. ಅವನ ಟೀ ಮೇಲೆ ಕೆನೆ ಕಟ್ಟಿತು. ಕಥೆ ಮೊಣಕಾಲಿಗೆ ಬರುವ ಹೊತ್ತಿಗೆ ಅವನು ದಿಕ್ಕು ಕಾಣದೆ ಗಾದಿ ಕಡೆ ತಿರುಗಿದ.

"ಸಾಹುಕಾರ್ರೇ, ನೀವು?"

"ಆರಾಮ," ಅಂದರು ನಮ್ಮ ಯಜಮಾನರು, ದಿಂಬು ಸರಿಮಾಡಿಕೊಳ್ಳುತ್ತ.